ಸೆಂಟ್ರಿಂಗ್ ಬಿಚ್ಚಿದಾಗ ಕಂಡ ಸರಳುಗಳು: ಗಿಲಾವು ಮಾಡಿ ಮುಚ್ಚಲು ಬಿಡಬೇಕೇ?

ಬೇಲೇಕೇರಿ ಕಡೆಯವ (ಮೂಲ ಪ್ರಶ್ನೆ)

ಅಂಕೋಲಾ ತಾಲೂಕಿನಲ್ಲಿ, ಕಡಲಿನಿಂದ ಸುಮಾರು ಮುಕ್ಕಾಲು ಕಿಲೋಮೀಟರ್ ದೂರದಲ್ಲಿದ್ದ ನಮ್ಮ ಅಜ್ಜನ ಕಾಲದ ಹಂಚಿನ ಮನೆಯನ್ನು ಕಳೆದ ದೀಪಾವಳಿಯ ನಂತರ ಕೆಡವಿ, ಅದೇ ಜಾಗದಲ್ಲಿ 1,100 ಚದರಡಿಯ ತಾರಸಿ ಮನೆಯನ್ನು ಕಟ್ಟಿಸುತ್ತಿದ್ದೇನೆ. ಕಂಬ ಮತ್ತು ಬೀಮುಗಳ ಚೌಕಟ್ಟು, ನಡುವೆ ಚಿರೆಕಲ್ಲಿನ ಗೋಡೆ. ಸಾಮಗ್ರಿ ಸಹಿತ 26 ಲಕ್ಷಕ್ಕೆ ಮಾತಾಗಿದ್ದು, ಇದುವರೆಗೆ ಹಂತಹಂತವಾಗಿ 17 ಲಕ್ಷ ಕೊಟ್ಟಿದ್ದೇನೆ. ಒಪ್ಪಂದಪತ್ರವೆಂದರೆ ಎರಡು ಪುಟಗಳ ಒಂದು ಕಾಗದ. ಅದರಲ್ಲಿ ಕಾಂಕ್ರೀಟು ಎಂ-20 (ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳುವ ದರ್ಜೆ) ಇರಬೇಕೆಂದೂ ಸಿಮೆಂಟು, ಕಬ್ಬಿಣ ಯಾವ ದರ್ಜೆಯದಿರಬೇಕೆಂದೂ ಬರೆದಿದೆ, ಉಳಿದದ್ದೆಲ್ಲ ನಂಬಿಕೆಯ ಮೇಲೆ ನಡೆದಿದೆ. ಗುತ್ತಿಗೆದಾರರು ನನ್ನ ಭಾವನವರಿಗೆ ಬಹಳ ವರ್ಷಗಳಿಂದ ಪರಿಚಿತರು, ಅವರ ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ.

ಮೇ ಮೊದಲ ವಾರ ಸ್ಲ್ಯಾಬ್ ಹಾಕಿದರು. ನನಗೆ ಹುಬ್ಬಳ್ಳಿಯಲ್ಲಿ ಕೆಲಸವಿರುವುದರಿಂದ ಆ ದಿನ ನಿಂತು ನೋಡಲು ಆಗಲಿಲ್ಲ; ತಂದೆಯವರು ಇದ್ದರು, ಆದರೆ ಅವರಿಗೆ ಚಹಾ, ತಿಂಡಿಯ ವ್ಯವಸ್ಥೆ ನೋಡುವುದರಲ್ಲೇ ಹೊತ್ತು ಹೋಯಿತು. ಒಂಬತ್ತನೆಯ ದಿನ, ಬೇರೆ ಕಡೆಯ ಕೆಲಸಕ್ಕೆ ಮಳೆಗಾಲದ ಮೊದಲೇ ಪ್ಲೇಟುಗಳು ಬೇಕೆಂದು ಹೇಳಿ, ಪೂರ್ತಿ ಸೆಂಟ್ರಿಂಗ್ (ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರುವ ಪ್ಲೇಟು ಮತ್ತು ಊರೆಗಂಬಗಳು) ಬಿಚ್ಚಿ ಕೊಂಡೊಯ್ದಿದ್ದಾರೆ. ಮರುವಾರ ನಾನು ಬಂದು ನೋಡಿದರೆ ಅಡುಗೆಮನೆ ಮತ್ತು ಹಿಂದಿನ ಕೋಣೆಯ ಸ್ಲ್ಯಾಬಿನ ಅಡಿಯಲ್ಲಿ ಕಬ್ಬಿಣದ ಸರಳುಗಳು ಗೆರೆ ಎಳೆದಂತೆ ಉದ್ದಕ್ಕೂ ಕಾಣುತ್ತಿವೆ, ಕೆಲವೆಡೆ ಬೆರಳಿನಿಂದ ಮುಟ್ಟಬಹುದು. ಹಾಲಿನ ನಡುವೆ 16 ಅಡಿ ಉದ್ದದ ಒಂದು ಬೀಮು ಇದ್ದು, ಅದು ಕಂಬಕ್ಕೆ ಸೇರುವಲ್ಲಿ ಜಲ್ಲಿ ಮಾತ್ರ ಉಳಿದು ಸಿಮೆಂಟೇ ಇಲ್ಲದಂತಹ, ಜೇನುಗೂಡಿನಂಥ ಪೊಳ್ಳು ಬಿದ್ದಿದೆ. ಅದರ ಕೆಳಗೆ ಗೋಡೆಯೂ ಇಲ್ಲ.

ಗುತ್ತಿಗೆದಾರರು ಇದನ್ನು ದೊಡ್ಡ ವಿಷಯವೆಂದು ಒಪ್ಪುತ್ತಿಲ್ಲ. ನಾಲ್ಕು ದಿನಗಳಲ್ಲಿ ಗಿಲಾವು ಮಾಡಿದರೆ ಎಲ್ಲವೂ ಮುಚ್ಚಿಹೋಗುತ್ತದೆ, ಮುಂದೆ ಸೋರಿದರೆ ತಾರಸಿಯ ಮೇಲೆ ಶೀಟು ಹಾಕಿಸಿಕೊಂಡರಾಯಿತು, ಈ ಕಡೆ ಎಲ್ಲರೂ ಹಾಕಿಸುತ್ತಾರೆ ಎನ್ನುವುದು ಅವರ ಉತ್ತರ. ಇನ್ನೊಂದು ಸಂಶಯವೂ ಇದೆ. ಆ ಸಮಯದಲ್ಲಿ ಮರಳು ಸಿಗದೆ ಕೆಲಸ ಎರಡು ವಾರ ನಿಂತಿತ್ತು. ಆಮೇಲೆ ರಾತ್ರಿ ಬಂದ ಎರಡು ಲೋಡು ಗಂಗಾವಳಿ ಹೊಳೆಯ ಅಳಿವೆಯ ಕಡೆಯದೆಂದು, ಅಂದರೆ ಉಪ್ಪುನೀರಿನ ಮರಳೆಂದು ನೆರೆಯವರು ಹೇಳುತ್ತಾರೆ. ಮಳೆಗೆ ಹೆಚ್ಚೆಂದರೆ ಎರಡು ವಾರವಿದೆ. ನಾನು ಏನನ್ನು ಮೊದಲು ಮಾಡಬೇಕು? ಸ್ಲ್ಯಾಬನ್ನೇ ಒಡೆಸಬೇಕೇ?

ನಿವೃತ್ತ ಎಂಜಿನಿಯರ್, ಕಾರವಾರ

ಮೊದಲು ಮಾಡಬೇಕಾದದ್ದು ಎರಡು. ಹಾಲಿನ ಬೀಮಿನ ಕೆಳಗೆ ಇಂದೇ ಮರಳಿ ಊರೆ ಕೊಡಿಸಿ. ಉಕ್ಕಿನ ಜಾಕಿಗಳು ಬಾಡಿಗೆಗೆ ಸಿಗದಿದ್ದರೆ ದಪ್ಪನೆಯ ಮರದ ಕಂಬಗಳಾದರೂ ಸಾಕು, ಆದರೆ ತಳದಲ್ಲಿ ಹಲಗೆ ಇಟ್ಟು ಬೆಣೆ ಹೊಡೆದು ಬಿಗಿ ಮಾಡಿರಬೇಕು. ಎರಡನೆಯದು, ಗಿಲಾವಿನ ಒಂದು ಬಾಣಲೆಯೂ ಮೇಲೇರಲು ಬಿಡಬೇಡಿ. ದೋಷ ಕಣ್ಣಿಗೆ ಕಾಣುತ್ತಿರುವ ತನಕ ಅದು ನಿಮ್ಮ ಸಾಕ್ಷಿ. ಗಿಲಾವು ಆದ ಮೇಲೆ ಅದು ನಿಮ್ಮ ಮನೆಯೊಳಗಿನ ಗುಟ್ಟಾಗುತ್ತದೆ.

ಕಾಂಕ್ರೀಟು ಕೆಲಸದ ನಿಯಮಗಳಿರುವ ಭಾರತೀಯ ಮಾನಕ 456, 2000ನೆಯ ಇಸವಿಯ ಪರಿಷ್ಕರಣೆ, ಊರೆಗಳನ್ನು ಯಾವಾಗ ತೆಗೆಯಬಹುದೆಂದು ಸ್ಪಷ್ಟವಾಗಿ ಹೇಳಿದೆ. 4.5 ಮೀಟರಿನೊಳಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಉದ್ದವಾದುದಕ್ಕೆ 14 ದಿನ. 6 ಮೀಟರಿನೊಳಗಿನ ಬೀಮಿಗೆ 14 ದಿನ. ಇವು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ನಮ್ಮ ಕಡೆ ಅಂಗಡಿಗಳಲ್ಲಿ ಈಗ ಸಿಗುವುದು ಬಹುಮಟ್ಟಿಗೆ ಹಾರುಬೂದಿ ಬೆರೆತ ಸಿಮೆಂಟು. ಅದು ನಿಧಾನವಾಗಿ ಬಲ ಪಡೆಯುವುದರಿಂದ ಇನ್ನಷ್ಟು ದಿನ ಕಾಯುವುದೇ ಸರಿ. ನಿಮ್ಮ ಬೀಮು ಸುಮಾರು 4.9 ಮೀಟರ್. ಒಂಬತ್ತನೆಯ ದಿನ ಅದರ ಊರೆ ತೆಗೆದದ್ದು ತಪ್ಪು, ಇದರಲ್ಲಿ ವಾದಕ್ಕೆ ಜಾಗವಿಲ್ಲ.

ಈಗ ಸರಳಿನ ವಿಷಯ. ಕಾಂಕ್ರೀಟಿನೊಳಗಿನ ಕ್ಷಾರಗುಣ ಇದ್ದು, ಉಪ್ಪು ಒಳಹೊಗದಿರುವಷ್ಟು ಕಾಲ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ. ಸರಳಿನ ಸುತ್ತ ಇರಬೇಕಾದ ಕಾಂಕ್ರೀಟಿನ ಹೊದಿಕೆಯೇ ಆ ರಕ್ಷಣೆ. ಅದೇ ಮಾನಕದಲ್ಲಿ ಈ ಹೊದಿಕೆ ಸೌಮ್ಯ ಪರಿಸರಕ್ಕೆ 20 ಮಿಲಿಮೀಟರ್, ಮಧ್ಯಮಕ್ಕೆ 30, ತೀವ್ರಕ್ಕೆ 45 ಎಂದಿದೆ. ಕರಾವಳಿಯ ಗಾಳಿಗೆ ನೇರವಾಗಿ ಒಡ್ಡಿಕೊಂಡ ಕಾಂಕ್ರೀಟು ತೀವ್ರ ವರ್ಗಕ್ಕೂ, ಉಪ್ಪುಗಾಳಿಯಿಂದ ಮರೆಯಾಗಿರುವ ಭಾಗ ಮಧ್ಯಮಕ್ಕೂ ಸೇರುತ್ತವೆ. ಕಾಂಕ್ರೀಟಿನ ದರ್ಜೆಯೂ ಹಾಗೆಯೇ ಮಧ್ಯಮಕ್ಕೆ ಎಂ-25, ತೀವ್ರಕ್ಕೆ ಎಂ-30. ಅಂದರೆ ನಿಮ್ಮ ಒಪ್ಪಂದದಲ್ಲಿ ಬರೆದಿರುವ ಎಂ-20 ಘಟ್ಟದ ಮೇಲಿನ ಒಣ ಊರಿನ ಲೆಕ್ಕ. ಈ ತಪ್ಪು ಗುತ್ತಿಗೆದಾರರೊಬ್ಬರದೇ ಅಲ್ಲ. ನಕ್ಷೆ ಮಾಡಿದವರದ್ದೂ ಹೌದು, ಓದದೆ ಸಹಿ ಹಾಕಿದ ನಿಮ್ಮದೂ ಸ್ವಲ್ಪ ಹೌದು. ಕಟುವಾಗಿ ಕಂಡರೆ ಕ್ಷಮಿಸಿ, ಮುಂದೆ ಈ ಪ್ರಶ್ನೆ ಬಂದೇ ಬರುತ್ತದೆ.

ಮರಳಿನ ಬಗ್ಗೆ ಅಂದಾಜಿನಲ್ಲಿ ಮಾತನಾಡಬಾರದು, ಲೆಕ್ಕ ಹಾಕಿ ನೋಡಬೇಕು. ಸರಳಿರುವ ಕಾಂಕ್ರೀಟಿನ ಒಂದು ಘನಮೀಟರಿನಲ್ಲಿ ಕ್ಲೋರೈಡು, ಅಂದರೆ ಉಪ್ಪಿನಲ್ಲಿದ್ದು ಸರಳಿಗೆ ತುಕ್ಕು ಹಿಡಿಸುವ ಅಂಶ, 0.6 ಕಿಲೋಗ್ರಾಂ ಮೀರಬಾರದು. ನಿಮ್ಮದು ಐದು ಇಂಚಿನ ಸ್ಲ್ಯಾಬೆಂದು ತಿಳಿದರೆ ಒಟ್ಟು ಹದಿಮೂರು ಘನಮೀಟರಿನಷ್ಟು ಕಾಂಕ್ರೀಟು ಹೋಗಿರುತ್ತದೆ. ಅಡುಗೆ ಉಪ್ಪಿನ ಲೆಕ್ಕದಲ್ಲಿ ಹೇಳುವುದಾದರೆ ಇಡೀ ತಾರಸಿಯಲ್ಲಿ ಸುಮಾರು ಹದಿಮೂರು ಕಿಲೋ ಉಪ್ಪಿಗೆ ಮಿತಿ ಮುಗಿಯಿತು. ಸಾಣಿಕಟ್ಟೆಯ ಉಪ್ಪಿನ ಅರ್ಧ ಚೀಲವೂ ಅಲ್ಲ. ಒಂದು ಘನಮೀಟರಿಗೆ 700 ಕಿಲೋ ಮರಳು ಬಳಸಿ, ಆ ಮರಳು ನೂರಕ್ಕೆ ಐದರಷ್ಟು ಕಡಲ ನೀರಿನಿಂದ ಒದ್ದೆಯಾಗಿತ್ತು ಎಂದುಕೊಳ್ಳಿ. 35 ಲೀಟರ್ ನೀರು, ಲೀಟರಿಗೆ 19 ಗ್ರಾಂ ಕ್ಲೋರೈಡು. ಅಲ್ಲಿಗೇ 665 ಗ್ರಾಂ, ಮಿತಿ ದಾಟಿತು. ಬೇಸಿಗೆಯಲ್ಲಿ ಹೊಳೆಯ ಸಿಹಿನೀರು ಕಡಿಮೆಯಾಗಿ ಉಪ್ಪುನೀರು ಅಳಿವೆಯಿಂದ ಬಹಳ ಮೇಲಕ್ಕೆ ಏರುವುದರಿಂದ, ಏಪ್ರಿಲ್, ಮೇ ತಿಂಗಳ ಮರಳು ಮಳೆಗಾಲ ಮುಗಿದಾಗಿನ ಮರಳಿನಂತಲ್ಲ. ಆದರೆ ನಿಮ್ಮ ಮರಳು ಅಂಥದ್ದೇ ಎಂದು ನೆರೆಯವರ ಮಾತಿನಿಂದ ತೀರ್ಮಾನಿಸಬೇಡಿ. ಪರೀಕ್ಷೆ ಮಾಡಿಸಿ.

ಒಡೆಯುವ ಮಾತು ಈಗ ಬೇಡ. ಹೊದಿಕೆ ಕಡಿಮೆಯಾಗಿದ್ದರೆ ಅದನ್ನು ಸರಿಪಡಿಸಬಹುದು, ಪೊಳ್ಳು ತುಂಬಬಹುದು. ಕಾಂಕ್ರೀಟಿನ ಒಳಗೇ ಉಪ್ಪು ಬೆರೆತಿದ್ದರೆ ಮಾತ್ರ ಅದನ್ನು ಹೊರಗಿನಿಂದ ತೊಳೆದು ತೆಗೆಯಲಾಗದು. ನಿಮ್ಮ ಇಡೀ ಪ್ರಕರಣ ಈ ಒಂದು ಸಂಖ್ಯೆಯ ಮೇಲೆ ನಿಂತಿದೆ.

ಸೆಂಟ್ರಿಂಗ್ ಕೆಲಸದವ, ಗೋಕರ್ಣ

ಇಪ್ಪತ್ತು ವರ್ಷಗಳಿಂದ ಪ್ಲೇಟು ಹೊಡೆಯುವ, ಸರಳು ಕಟ್ಟುವ ಕೆಲಸ ಮಾಡಿದ್ದೇನೆ, ಅದರಿಂದ ಹೇಳುತ್ತೇನೆ. ಸರಳು ಹೀಗೆ ಕಾಣುವುದಕ್ಕೆ ಕಾರಣ ಬಹಳ ಸಣ್ಣದು. ಸರಳಿನ ಅಡಿಯಲ್ಲಿ ಕವರ್ ಬ್ಲಾಕ್, ಅಂದರೆ ಸರಳನ್ನು ಪ್ಲೇಟಿನಿಂದ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ, ಇಡಬೇಕು. ಅದಿಲ್ಲದಿದ್ದಾಗ ಕೈಗೆ ಸಿಕ್ಕ ಜಲ್ಲಿಯ ಚೂರನ್ನು ಇಟ್ಟು ಮುಂದೆ ಹೋಗುತ್ತಾರೆ. ಕಾಂಕ್ರೀಟು ಹೊತ್ತವರು ಸರಳಿನ ಮೇಲೆಯೇ ನಡೆಯುತ್ತಾರೆ, ಕಾಂಕ್ರೀಟನ್ನು ನಡುಗಿಸಿ ಕೂರಿಸುವ ವೈಬ್ರೇಟರ್ ತಾಗುತ್ತದೆ, ಜಲ್ಲಿ ಜಾರುತ್ತದೆ, ಸರಳು ಪ್ಲೇಟಿಗೆ ಅಂಟಿ ಕೂರುತ್ತದೆ. ಇಡೀ ಸ್ಲ್ಯಾಬಿಗೆ ಬೇಕಾದ ಕವರ್ ಬ್ಲಾಕುಗಳಿಗೆ ತಗಲುವ ಹಣ ಆ ದಿನದ ಊಟದ ಖರ್ಚಿಗಿಂತ ಹೆಚ್ಚಲ್ಲ.

ಬೀಮು ಕಂಬಕ್ಕೆ ಸೇರುವಲ್ಲಿ ಪೊಳ್ಳಾಗುವುದು ಬೇರೆ ಕಾರಣಕ್ಕೆ. ಅಲ್ಲಿ ಸರಳುಗಳು ಒತ್ತೊತ್ತಾಗಿ ಬರುತ್ತವೆ, ದೊಡ್ಡ ಜಲ್ಲಿ ಕೆಳಗಿಳಿಯದೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ಸಣ್ಣ ಜಲ್ಲಿ ಹಾಕಿ ಸೂಜಿ ವೈಬ್ರೇಟರನ್ನು ತಾಳ್ಮೆಯಿಂದ ಇಳಿಸಬೇಕು. ಸಂಜೆಯೊಳಗೆ ಮುಗಿಸಬೇಕೆಂಬ ಅವಸರದಲ್ಲಿ ಆ ತಾಳ್ಮೆ ಯಾರಿಗೂ ಇರುವುದಿಲ್ಲ. ಸ್ಲ್ಯಾಬ್ ಹಾಕುವ ದಿನ ಮನೆಯವರು ತಿಂಡಿಯ ಕಡೆ ನೋಡದೆ ಸರಳಿನ ಕಡೆ ನೋಡಬೇಕಿತ್ತು.

ಕುಮಟಾದ ಅಧ್ಯಾಪಕಿ

ಶೀಟಿನ ಮಾತಿಗೆ ಮರುಳಾಗಬೇಡಿ ಎಂದು ಹೇಳಲೆಂದೇ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿಯೂ ಇದೇ ಆಗಿತ್ತು. ಸರಳು ಕಂಡಿತ್ತು, ಗಿಲಾವು ಆಯಿತು, ಗೃಹಪ್ರವೇಶವೂ ಆಯಿತು. ಮೂರನೆಯ ಮಳೆಗಾಲದಲ್ಲಿ ಛಾವಣಿಯ ಅಡಿಯಲ್ಲಿ ಸರಳಿನ ಗುಂಟ ಕಂದು ಗೆರೆಗಳು ಮೂಡಿದವು. ಸೋರಿಕೆಯೆಂದು ತಿಳಿದು ಮೇಲೆ ಶೀಟು ಹಾಕಿಸಿದೆವು. ತಾರಸಿ ಒಣಗಿತು, ಬಟ್ಟೆ ಒಣಗಿಸಲು, ಅಡಿಕೆ ಹರವಲು ಅನುಕೂಲವಾಯಿತು. ಗೆರೆಗಳು ಮಾತ್ರ ನಿಲ್ಲಲಿಲ್ಲ. ಆರನೆಯ ವರ್ಷ ಒಂದು ಮಧ್ಯಾಹ್ನ, ಮಗು ಮಲಗುತ್ತಿದ್ದ ಮಂಚದ ಮೇಲೆ ತಟ್ಟೆಯಗಲದ ಗಿಲಾವಿನ ಹೆಂಟೆ ಬಿತ್ತು. ಮಗು ಶಾಲೆಗೆ ಹೋಗಿತ್ತು.

ಆಮೇಲೆ ಗೊತ್ತಾದ ವಿಷಯವೇನೆಂದರೆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ, ಆ ಒತ್ತಡದಿಂದಲೇ ಕಾಂಕ್ರೀಟು ಸಿಡಿಯುತ್ತದೆ. ಶೀಟು ಮೇಲಿನ ಮಳೆಯನ್ನು ತಡೆಯುತ್ತದೆಯೇ ಹೊರತು ಕಿಟಕಿಯಿಂದ ಬರುವ ಉಪ್ಪುಗಾಳಿಯನ್ನಲ್ಲ. ಆಗ ಗುತ್ತಿಗೆದಾರರನ್ನು ಹುಡುಕಿಕೊಂಡು ಹೋದರೆ ಅವರು ಆ ವೃತ್ತಿಯನ್ನೇ ಬಿಟ್ಟಿದ್ದರು.

ಶಿರಸಿಯ ಗುತ್ತಿಗೆದಾರ

ಇಲ್ಲಿ ನಮ್ಮ ವೃತ್ತಿಯವರ ಪರವಾಗಿ ಯಾರೂ ಮಾತನಾಡುತ್ತಿಲ್ಲವಾದ್ದರಿಂದ ನಾನೇ ಬರೆಯುತ್ತೇನೆ. ಸೆಂಟ್ರಿಂಗನ್ನು ಒಂಬತ್ತು ದಿನಕ್ಕೆ ಬಿಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ, ನನ್ನ ಕೆಲಸಗಾರರು ಹಾಗೆ ಮಾಡಿದ್ದರೆ ನಾನೇ ಸಿಟ್ಟಾಗುತ್ತಿದ್ದೆ. ಆದರೆ ಚದರಡಿಯ ದರದಲ್ಲಿ ನೂರು ರೂಪಾಯಿ ಕಡಿಮೆ ಮಾಡಿಸಲು ನಾಲ್ಕು ಸಲ ಕೂರುವ ಮನೆಯವರು, ಮೇಲ್ವಿಚಾರಣೆಗೆ ಒಬ್ಬ ಎಂಜಿನಿಯರನ್ನು ಇಟ್ಟುಕೊಳ್ಳಿ ಎಂದರೆ ದುಡ್ಡು ದಂಡವೆಂದು ಹೇಳುತ್ತಾರೆ. ಘಟ್ಟದ ಮೇಲೆ ಮಳೆಯ ಭಯ, ಕೆಳಗೆ ಮಳೆಯ ಜೊತೆಗೆ ಉಪ್ಪಿನ ಭಯ. ಇಬ್ಬರಿಗೂ ಒಂದೇ ನಕ್ಷೆ, ಒಂದೇ ದರ. ಕರಾವಳಿಯ ಮರಳಿಗೆ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ನಿರ್ಬಂಧಗಳಿರುವಾಗ, ಕೆಲಸ ಎರಡು ವಾರ ನಿಂತರೆ ದಿನಕ್ಕೆ ಹತ್ತು ಸಲ ಫೋನು ಮಾಡಿ 'ಎಲ್ಲಿಂದಾದರೂ ತರಿಸಿ' ಎನ್ನುವವರೂ ಮನೆಯವರೇ. ಈ ಪ್ರಕರಣದಲ್ಲಿ ಹಾಗೆ ಆಗಿದೆ ಎಂದು ನಾನು ಹೇಳುತ್ತಿಲ್ಲ. ಆಗಿದ್ದರೆ ಪ್ರಶ್ನೆ ಕೇಳಿದವರು ಒಪ್ಪಿಕೊಳ್ಳಲಿ.

ನನ್ನ ಸಲಹೆ ಇಷ್ಟು. ಬಾಕಿ 9 ಲಕ್ಷ ನಿಮ್ಮ ಕೈಯಲ್ಲಿದೆ. ಅದನ್ನು ತಡೆಹಿಡಿಯಿರಿ, ಆದರೆ ಯಾಕೆ ತಡೆಹಿಡಿದಿದ್ದೀರೆಂದು ಬರೆದು ಕೊಡಿ. ಫೋನು ಎತ್ತದೆ ಸುಮ್ಮನಿದ್ದರೆ ನಾಳೆ ಅವರು, ಮನೆಯವರು ದುಡ್ಡು ಕೊಡಲಿಲ್ಲ, ಅದಕ್ಕೇ ಕೆಲಸ ನಿಲ್ಲಿಸಿದೆ ಎನ್ನುತ್ತಾರೆ, ಕೇಳಿದವರು ನಂಬುತ್ತಾರೆ. ದುರಸ್ತಿಯ ಮೊದಲ ಅವಕಾಶವನ್ನು ಅವರಿಗೇ ಕೊಡಿ. ಬೇರೊಬ್ಬರು ಬಂದು ಕೈಯಿಟ್ಟ ಮೇಲೆ, ಮುಂದೆ ಬರುವ ಪ್ರತಿಯೊಂದು ಬಿರುಕಿಗೂ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಹೊನ್ನಾವರದ ವಕೀಲ

ಶಿರಸಿಯವರು ಬರೆದು ಕೊಡಿ ಎಂದದ್ದು ಕಾನೂನಿನ ದೃಷ್ಟಿಯಿಂದಲೂ ಸರಿ. ಮನೆ ಕಟ್ಟಿಕೊಡುವುದು ಸೇವೆಯೇ ಎಂಬುದರಲ್ಲಿ ಸಂದೇಹವಿಲ್ಲ. ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರ ನವೆಂಬರಿನಲ್ಲಿಯೇ ಇದನ್ನು ಸ್ಪಷ್ಟಪಡಿಸಿತು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿಯೂ ವಸತಿ ನಿರ್ಮಾಣವೆಂಬ ಮಾತು ಸೇರಿದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ, ಅಂದರೆ ನಮ್ಮ ಜಿಲ್ಲೆಗೆ ಕಾರವಾರಕ್ಕೆ, ಸಲ್ಲಬೇಕು. ನೀವು 17 ಲಕ್ಷ ಕೊಟ್ಟಿರುವುದರಿಂದ ಶುಲ್ಕ 400 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ತಡವಾದರೆ ಕಾರಣ ತೋರಿಸಿ ಕ್ಷಮೆ ಕೇಳಬೇಕಾಗುತ್ತದೆ. ಕುಮಟಾದ ಅಧ್ಯಾಪಕಿಯವರಂತೆ ಆರು ವರ್ಷ ಕಾದವರ ಕಷ್ಟ ಇಲ್ಲಿಯೇ ಇರುವುದು.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ರಚನಾ ದೋಷಕ್ಕೆ ಐದು ವರ್ಷಗಳ ಹೊಣೆ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಅದು ಬಿಲ್ಡರುಗಳು ಮಾರುವ ಯೋಜನೆಗಳಿಗೆ. ಸ್ವಂತ ಜಾಗದಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದ ಮನೆಗೆ ಅದು ಬಾರದು. ಆದ್ದರಿಂದ ಒಪ್ಪಂದದಲ್ಲಿ ದೋಷದ ಹೊಣೆಯ ಅವಧಿಯನ್ನು ಬರೆಸಿಕೊಳ್ಳದವನಿಗೆ ಆ ಆಸರೆ ಇಲ್ಲ.

ದೂರಿಗಿಂತ ಮುಂಚೆ ನೋಂದಾಯಿತ ಅಂಚೆಯಲ್ಲಿ ಒಂದು ಪತ್ರ ಕಳುಹಿಸಿ. ಅದರಲ್ಲಿ ಬೈಗುಳ ಬೇಡ, ವಿಶೇಷಣವೂ ಬೇಡ. ಯಾವ ದಿನ ಸ್ಲ್ಯಾಬ್ ಹಾಕಲಾಯಿತು, ಯಾವ ದಿನ ಊರೆ ತೆಗೆಯಲಾಯಿತು, ಯಾವ ಕೋಣೆಯಲ್ಲಿ ಎಷ್ಟು ಉದ್ದಕ್ಕೆ ಸರಳು ಕಾಣುತ್ತಿದೆ, ಯಾವ ದಿನ ಪರೀಕ್ಷೆ ನಡೆಯಲಿದೆ, ಆ ದಿನ ತಾವು ಹಾಜರಿರಬೇಕು ಎಂದಿಷ್ಟೇ ಇರಲಿ. ಪರೀಕ್ಷೆಗೆ ಅವರನ್ನು ಕರೆಯುವುದು ಮುಖ್ಯ. ಅವರಿಲ್ಲದಾಗ ಮಾಡಿಸಿದ ವರದಿಯನ್ನು ನಿಮಗೆ ಬೇಕಾದಂತೆ ಬರೆಸಿಕೊಂಡದ್ದೆಂದು ಮುಂದೆ ಹೇಳುವುದು ಸುಲಭ. ಫೋಟೋ ತೆಗೆಯುವಾಗ ಅಳತೆಪಟ್ಟಿಯನ್ನು ಸರಳಿನ ಪಕ್ಕದಲ್ಲಿ ಹಿಡಿದು ತೆಗೆಯಿರಿ. ಸಂಬಂಧಿಕರ ಪರಿಚಯದ ಮನುಷ್ಯರಿಗೆ ನೋಟಿಸು ಕಳುಹಿಸುವುದು ಹೇಗೆ ಎಂಬ ಸಂಕೋಚ ನಿಮಗೆ ಬರುತ್ತದೆ. ನನ್ನ ಅನುಭವದಲ್ಲಿ ಸಂಬಂಧ ಕೆಡುವುದು ಬಾಯಿಮಾತಿನ ಜಗಳದಿಂದ. ಕಾಗದದಿಂದ ಕೆಟ್ಟದ್ದು ಕಡಿಮೆ.

ಬೇಲೇಕೇರಿ ಕಡೆಯವ

ಎಲ್ಲರಿಗೂ ಕೃತಜ್ಞತೆಗಳು. ಶಿರಸಿಯವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಹೌದು, 'ಎಲ್ಲಿಂದಾದರೂ ತರಿಸಿ' ಎಂದು ಫೋನಿನಲ್ಲಿ ನಾನೇ ಹೇಳಿದ್ದೆ. ಉಪ್ಪುನೀರಿನ ಮರಳು ತರಿಸಿ ಎಂದು ಹೇಳಿರಲಿಲ್ಲ, ಆದರೆ ಆ ಮಾತು ಆಡಿದ್ದು ನಿಜ.

ಬೀಮಿನ ಕೆಳಗೆ ಅದೇ ಸಂಜೆ ಆರು ಕಂಬಗಳ ಊರೆ ಕೊಡಿಸಿದೆ. ಪತ್ರ ತಲುಪಿದ ಮೇಲೆ ಭಾವನವರು ಎರಡು ದಿನ ನನ್ನೊಂದಿಗೆ ಮಾತನಾಡಲಿಲ್ಲ. ಮೂರನೆಯ ದಿನ ಗುತ್ತಿಗೆದಾರರನ್ನು ಕರೆದುಕೊಂಡು ಅವರೇ ಬಂದರು. ಹುಬ್ಬಳ್ಳಿಯ ಒಂದು ಪರೀಕ್ಷಾಲಯದವರು ಬಂದ ದಿನ ಗುತ್ತಿಗೆದಾರರೂ ಪೂರ್ತಿ ಹೊತ್ತು ನಿಂತಿದ್ದರು. ಒಟ್ಟು ಖರ್ಚು 38,000 ರೂಪಾಯಿ, ಸದ್ಯಕ್ಕೆ ನಾನೇ ಕೊಟ್ಟಿದ್ದೇನೆ.

ವರದಿಯ ಸಾರಾಂಶ ಹೀಗಿದೆ. ಸ್ಲ್ಯಾಬಿನಿಂದ ಮೂರು ಕಡೆ ಕೊರೆದು ತೆಗೆದ ತುಂಡುಗಳ ಬಲ, ಎಂ-20ರಂಥ ದರ್ಜೆಗೆ ಹೋಲಿಸಲು ಘನಾಕಾರದ ತುಂಡಿನ ಲೆಕ್ಕಕ್ಕೆ ಪರಿವರ್ತಿಸಿದಾಗ, ಸರಾಸರಿ 18.6, ಕಡಿಮೆಯದು 16.4. ಅಡುಗೆಮನೆಯಲ್ಲಿ ಸರಳಿನ ಹೊದಿಕೆ ಸೊನ್ನೆಯಿಂದ 9 ಮಿಲಿಮೀಟರ್, ಹಿಂದಿನ ಕೋಣೆಯಲ್ಲಿ 4ರಿಂದ 12, ಹಾಲಿನಲ್ಲಿ ಮಾತ್ರ 18ರಿಂದ 24. ಬೀಮಿನ ಪೊಳ್ಳನ್ನು ಶಬ್ದತರಂಗದ ಉಪಕರಣದಿಂದ ನೋಡಿದ್ದು, ಅದು ಒಂದು ಬದಿಯಿಂದ ಸುಮಾರು 60 ಮಿಲಿಮೀಟರ್ ಆಳವಿದೆ, ಆರಪಾರವಾಗಿಲ್ಲ. ಕ್ಲೋರೈಡು ಘನಮೀಟರಿಗೆ 0.42 ಕಿಲೋಗ್ರಾಂ. ಇದನ್ನು ಹೇಗೆ ಓದಬೇಕು? 18.6 ಎಂದರೆ 20ಕ್ಕಿಂತ ಕಡಿಮೆಯೇ ಅಲ್ಲವೇ?

ನಿವೃತ್ತ ಎಂಜಿನಿಯರ್, ಕಾರವಾರ

ಕೊರೆದ ತುಂಡುಗಳ ಸರಾಸರಿ ನಿಗದಿತ ಬಲದ ನೂರಕ್ಕೆ 85ರಷ್ಟಿದ್ದು, ಯಾವ ಒಂದು ತುಂಡೂ ನೂರಕ್ಕೆ 75ಕ್ಕಿಂತ ಕೆಳಗಿಳಿಯದಿದ್ದರೆ ಕಾಂಕ್ರೀಟನ್ನು ಒಪ್ಪಬಹುದೆಂದು ಮಾನಕ ಹೇಳುತ್ತದೆ. ನಿಮಗೆ ಬೇಕಾದದ್ದು ಕ್ರಮವಾಗಿ 17 ಮತ್ತು 15. ಎರಡೂ ದಾಟಿವೆ. ಸ್ಲ್ಯಾಬ್ ಒಡೆಯುವ ಮಾತು ಇಲ್ಲಿಗೆ ಮುಗಿಯಿತು, ಆ ಬೇಡಿಕೆಯನ್ನು ಆಯೋಗದ ಮುಂದೆ ಇಟ್ಟರೂ ನಿಲ್ಲುವುದಿಲ್ಲ.

ಕ್ಲೋರೈಡು ಮಿತಿಯೊಳಗಿದೆ, ಆದರೆ ನಿಶ್ಚಿಂತೆಯಿಂದಿರುವಷ್ಟು ಕೆಳಗಿಲ್ಲ. ಮಿತಿಯ ಮೂರನೆಯ ಎರಡು ಪಾಲು ಕಟ್ಟುವ ದಿನವೇ ಖರ್ಚಾಗಿದೆ. ಉಳಿದ ಪಾಲನ್ನು ಕಡಲ ಗಾಳಿ ನಿಧಾನವಾಗಿ ತುಂಬುತ್ತದೆ. ಹೊದಿಕೆ ತೆಳುವಾಗಿರುವ ಕಡೆ ಅದಕ್ಕೆ ದಾರಿ ಬಹಳ ಹತ್ತಿರ. ಆದ್ದರಿಂದ ಸಾಮಾನ್ಯ ಗಿಲಾವು ಸಾಲದು ಎಂಬ ಮಾತಿಗೆ ಈಗ ಆಧಾರ ಸಿಕ್ಕಿದೆ.

ದುರಸ್ತಿಯ ಕ್ರಮವನ್ನು ಬರೆದು ಅವರ ಸಹಿ ಪಡೆಯಿರಿ. ಸರಳು ಕಾಣುವ ಕಡೆ ಸಡಿಲ ಕಾಂಕ್ರೀಟನ್ನು ಸಣ್ಣ ಉಳಿಯಿಂದ ಕೆತ್ತಿ, ಸರಳಿನ ಹಿಂಬದಿಗೂ ಬೆರಳು ತೂರುವಷ್ಟು ಜಾಗ ಮಾಡಿ, ತಂತಿಯ ಬ್ರಶ್ಶಿನಿಂದ ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿದ ಮೇಲೆ ಪಾಲಿಮರ್ ಬೆರೆತ ಗಾರೆಯನ್ನು ಪದರಪದರವಾಗಿ ತುಂಬಬೇಕು. ಒಂದೇ ಸಲ ದಪ್ಪವಾಗಿ ಹಚ್ಚಿದರೆ ಅದು ತನ್ನ ಭಾರಕ್ಕೇ ಕಳಚಿ ಬೀಳುತ್ತದೆ. ಎಲ್ಲ ಕೋಣೆಗಳನ್ನೂ ಒಟ್ಟಿಗೆ ಕೆತ್ತಬಾರದು. ಒಂದು ಪಟ್ಟಿ ಮುಗಿದು ಗಟ್ಟಿಯಾದ ಮೇಲೆ ಇನ್ನೊಂದು, ಅದೂ ಅಡಿಯಲ್ಲಿ ಊರೆ ಇರುವಾಗ. ಬೀಮಿನ ಪೊಳ್ಳನ್ನು ಗಟ್ಟಿ ಕಾಂಕ್ರೀಟು ಸಿಗುವವರೆಗೆ ಕೆತ್ತಿ, ಅಚ್ಚು ಕಟ್ಟಿ, ಕುಗ್ಗದ ಮೈಕ್ರೋ ಕಾಂಕ್ರೀಟು (ಸಂದುಗಳಿಗೂ ಹರಿದು ತುಂಬುವ ಸಣ್ಣ ಕಣಗಳ ಕಾಂಕ್ರೀಟು) ಸುರಿಯಬೇಕು. ಉಳಿದ ಸಣ್ಣ ಸಂದುಗಳಿಗೆ ಒತ್ತಡದಿಂದ ಸಿಮೆಂಟಿನ ತಿಳಿಯನ್ನು ಹಾಯಿಸಬೇಕು. ಬಣ್ಣಕ್ಕೆ ಮುಂಚೆ ಉಪ್ಪುಗಾಳಿ ತಡೆಯುವ ಲೇಪನ ಇರಲಿ. ಒಳಗಿನ ಕೆಲಸವಾದ್ದರಿಂದ ಮಳೆಗಾಲ ಇದಕ್ಕೆ ಅಡ್ಡಿಯಲ್ಲ. ಮೇಲಿನಿಂದ ನೀರು ಸೋರದಂತೆ ನೋಡಿಕೊಂಡರೆ ಸಾಕು.

ಶಿರಸಿಯ ಗುತ್ತಿಗೆದಾರ

ವರದಿ ಬಂದ ಮೇಲೆ ಮಾತು ಎಷ್ಟು ಹಗುರವಾಯಿತು ನೋಡಿ. ಖರ್ಚು ಹಂಚುವಾಗ ನ್ಯಾಯವಾಗಿರಿ ಎಂದಷ್ಟೇ ನನ್ನ ಕೋರಿಕೆ. ಕವರ್ ಬ್ಲಾಕ್ ಇಡದಿದ್ದದ್ದು, ಪೊಳ್ಳು, ಬೇಗ ಬಿಚ್ಚಿದ್ದು, ಇವು ಅವರವು. ನಕ್ಷೆಯಲ್ಲಿಯೇ 20 ಮಿಲಿಮೀಟರ್ ಎಂದಿದ್ದರೆ, 30 ಇರಬೇಕಿತ್ತೆಂಬ ವ್ಯತ್ಯಾಸದ ಹೊಣೆಯನ್ನು ಅವರ ತಲೆಗೆ ಕಟ್ಟಬೇಡಿ.

ಬೇಲೇಕೇರಿ ಕಡೆಯವ (ದಸರೆಯ ನಂತರ)

ಮಳೆಗಾಲ ಮುಗಿದಿದೆ, ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ದುರಸ್ತಿಗೆ ಹೊರಗಿನವರಿಂದ ದರ ಕೇಳಿದಾಗ 1,85,000 ರೂಪಾಯಿ ಎಂದರು. ಗುತ್ತಿಗೆದಾರರು ಮೊದಲು ಅರ್ಧ ಕೊಡುತ್ತೇನೆಂದರು; ನಾನು ಪೂರ್ತಿ ಬೇಕೆಂದೆ. ಭಾವನವರ ಜಗುಲಿಯಲ್ಲಿ ಮೂರು ಸಲ ಕುಳಿತ ಮೇಲೆ ಒಪ್ಪಂದವಾಯಿತು. ಗಾರೆ, ಮೈಕ್ರೋ ಕಾಂಕ್ರೀಟು, ಕೂಲಿ ಎಲ್ಲವೂ ಅವರದು. ಪರೀಕ್ಷೆಯ ಖರ್ಚು ಮತ್ತು ಉಪ್ಪುಗಾಳಿಯ ಲೇಪನ ನನ್ನದು, ಏಕೆಂದರೆ ಅದು ಮೂಲ ನಕ್ಷೆಯಲ್ಲಿ ಇರಲಿಲ್ಲ. ಬಾಕಿ 9 ಲಕ್ಷದಲ್ಲಿ 2 ಲಕ್ಷವನ್ನು ಮುಂದಿನ ಮಳೆಗಾಲ ಮುಗಿಯುವವರೆಗೆ ನಾನು ಇಟ್ಟುಕೊಳ್ಳುತ್ತೇನೆ, ಉಳಿದದ್ದನ್ನು ಕೆಲಸ ಮುಗಿದಂತೆ ಕೊಡುತ್ತೇನೆ. ಇದನ್ನು ಛಾಪಾ ಕಾಗದದ ಮೇಲೆ ಬರೆಸಿ ಇಬ್ಬರೂ ಸಹಿ ಮಾಡಿದೆವು. ಆಯೋಗಕ್ಕೆ ಹೋಗುವ ಅಗತ್ಯ ಬೀಳಲಿಲ್ಲ; ಆದರೆ ಎರಡು ವರ್ಷದ ಅವಧಿ ಯಾವ ದಿನ ಮುಗಿಯುತ್ತದೆ ಎಂಬುದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಜುಲೈ ಪೂರ್ತಿ ಒಳಗೆ ಕೆತ್ತುವ ಸದ್ದು, ಹೊರಗೆ ಮಳೆಯ ಸದ್ದು. ಗೋಕರ್ಣದವರ ಮಾತು ನೆನಪಾಗಿ, ಮೈಕ್ರೋ ಕಾಂಕ್ರೀಟು ಸುರಿದ ದಿನ ರಜೆ ಹಾಕಿ ಬಂದು ಅಟ್ಟಣಿಗೆಯ ಮೇಲೆಯೇ ನಿಂತಿದ್ದೆ, ತಿಂಡಿಯನ್ನು ಹೋಟೆಲಿನಿಂದ ತರಿಸಿದೆವು. ಅಡುಗೆಮನೆಯ ದುರಸ್ತಿ ಚೆನ್ನಾಗಿದೆ. ಹಿಂದಿನ ಕೋಣೆಯಲ್ಲಿ ಒಂದು ಮೂಲೆಗೆ ಗಾರೆಯನ್ನು ಒಂದೇ ಸಲ ದಪ್ಪ ಹಚ್ಚಿದ್ದರೆಂದು ತೋರುತ್ತದೆ. ಅಲ್ಲಿ ಕೂದಲೆಳೆಯ ಬಿರುಕು ಕಂಡಿದೆ. ಅದನ್ನು ಏನು ಮಾಡಲಿ?

ನಿವೃತ್ತ ಎಂಜಿನಿಯರ್, ಕಾರವಾರ

ಸಣ್ಣ ಸುತ್ತಿಗೆಯಿಂದ ಆ ಮೂಲೆಯನ್ನು ಮೆಲ್ಲನೆ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಬಿರುಕಿಗೆ ತಿಳಿ ತುಂಬಿದರೆ ಸಾಕು. ಟೊಳ್ಳು ಸದ್ದು ಬಂದರೆ ಆ ತುಂಡು ಹಳೆಯ ಕಾಂಕ್ರೀಟಿಗೆ ಹಿಡಿದಿಲ್ಲ. ತೆಗೆದು ಮತ್ತೆ ಮಾಡಿಸಬೇಕು. ಟೊಳ್ಳಾದ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆ ಹಾಕಿ, ದಿನಾಂಕ ಬರೆದು ಫೋಟೋ ತೆಗೆಯಿರಿ. ತಟ್ಟುವಾಗ ಗುತ್ತಿಗೆದಾರರೂ ಪಕ್ಕದಲ್ಲಿರಲಿ.

ಬೇಲೇಕೇರಿ ಕಡೆಯವ

ಭಾನುವಾರ ಬೆಳಿಗ್ಗೆ ಬರುತ್ತೇನೆಂದು ಹೇಳಿದ್ದಾರೆ. ಸುತ್ತಿಗೆಯನ್ನು ಅವರ ಕೈಗೇ ಕೊಡುತ್ತೇನೆ.